ಮೂರನೇ ಸಲ ಕೇಳಿದ ಹೂವು

(ಚಿಂತಾಮಣಿ ಹತ್ತಿರದ ಒಂದು ಹಳ್ಳಿಯಲ್ಲಿ, ಕಾರ್ತಿಕದ ಕಡೇ ಸೋಮವಾರ ದೀಪ ಹಚ್ಚಿದ ಮೇಲೆ ಆಡಿದ ಮಾತು ಇದು. ಕೇಳಿದವರು ಬರೆದು ಕೊಡಿ ಅಂದರು. ಆದಷ್ಟೂ ಆಡಿದ ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ದೀಪ ಹಚ್ಚಿದ ಕೈ ಇನ್ನೂ ಎಣ್ಣೆ ಎಣ್ಣೆ ಆಗೇ ಇದೆ. ಹಿಂದೆ ಪ್ರಸಾದದ ಒಗ್ಗರಣೆ ಬಿದ್ದಿದ್ದು ನಿಮಗೂ ಗೊತ್ತಾಗಿದೆ, ನನಗೂ ಗೊತ್ತಾಗಿದೆ. ಆದರೂ ಕೂತಿದ್ದೀರಿ. ಹಾಗಾಗಿ ಸುತ್ತಿ ಬಳಸದೆ ಮಾತಾಡುತ್ತೇನೆ.

ದೊಡ್ಡ ತೀರ್ಮಾನ ತಗೊಳ್ಳೋ ಮುಂಚೆ ದೇವರನ್ನು ಕೇಳೋದು ಹೇಗೆ ಅಂತ ಮಾತಾಡಿ ಅಂದಿದ್ದಾರೆ. ನಾನು ಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಜೊತೆಗೆ ಹಿಪ್ಪುನೇರಳೆ ತೋಟ ಇಟ್ಟುಕೊಂಡವನು. ನನ್ನ ಹತ್ತಿರ ಇರೋದು ಎರಡು ಅನುಭವ. ಒಂದು ಸಲ ಕೇಳಿ ಕೆಟ್ಟೆ. ಇನ್ನೊಂದು ಸಲ ಕೇಳಿ ಉಳಿದೆ. ಕೆಟ್ಟಿದ್ದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ನಾನು ಜಾಸ್ತಿ ಕಲಿತಿದ್ದು ಅದರಿಂದಲೇ.

2003ನೇ ಇಸವಿ. ಮಳೆ ಕೈಕೊಟ್ಟು ಮೂರನೇ ವರ್ಷ. ನಮ್ಮ ಸೀಮೆಯ ನೀರಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ನಂದಿ ಬೆಟ್ಟದ ಸುತ್ತ ಪಿನಾಕಿನಿ ಹುಟ್ಟುತ್ತೆ, ಪಾಲಾರ್ ಹುಟ್ಟುತ್ತೆ, ಅರ್ಕಾವತಿ ಹುಟ್ಟುತ್ತೆ. ಆದರೆ ವರ್ಷಪೂರ್ತಿ ಹರಿಯೋ ಹೊಳೆ ಒಂದೂ ನಮಗಿಲ್ಲ. ಕೆರೆ, ಬಾವಿ, ಆಮೇಲೆ ಬೋರು, ಇಷ್ಟೇ. ನಮ್ಮ ಬಾವಿ ನಾನು ಚಿಕ್ಕವನಿದ್ದಾಗಲೇ ಬತ್ತಿತ್ತು. ಹಳೇ ಬೋರಿನಲ್ಲಿ ನೀರು ಬೆರಳು ಗಾತ್ರಕ್ಕೆ ಬಂದಿತ್ತು. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದು ಹಸಿದು ತಲೆ ಎತ್ತುತ್ತಿವೆ, ತೋಟದಲ್ಲಿ ಸೊಪ್ಪು ಬಾಡುತ್ತಿದೆ. ಹೊಸ ಬೋರ್ ಹಾಕಿಸಲೇಬೇಕು ಅಂತ ನಾನು ಗಟ್ಟಿ ಮಾಡಿಕೊಂಡೆ. ಪಿ.ಎಫ್.ನಲ್ಲಿ ಸಾಲ ತೆಗೆದೆ. ಗಾಡಿಯವರಿಗೆ ಅಡ್ವಾನ್ಸ್ ಕೂಡ ಕೊಟ್ಟುಬಂದೆ.

ಆಗ ನಮ್ಮಮ್ಮ ಅಂದರು, "ಗಂಗಮ್ಮನ್ನ ಒಂದು ಮಾತು ಕೇಳ್ಬೇಡ್ವೇನಪ್ಪಾ?"

ಅಡ್ವಾನ್ಸ್ ಕೊಟ್ಟಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಊರಾಚೆ ಬೇವಿನ ಮರದ ಕೆಳಗೆ ಗಂಗಮ್ಮನ ಗುಡಿ. ಹೂ ಕೇಳೋದು ಹೇಗೆ ಅಂತ ನಿಮಗೆಲ್ಲ ಗೊತ್ತು. ಪೂಜಾರಪ್ಪ ಅಮ್ಮನ ಕಲ್ಲಿನ ಮುಖವನ್ನು ತೊಳೆದು ಅರಿಸಿನ ಹಚ್ಚಿದರು. ಎರಡು ಕಣಗಿಲೆ ಹೂವನ್ನು ತೀರ್ಥದಲ್ಲಿ ಅದ್ದಿ, ಎಡಕ್ಕೊಂದು ಬಲಕ್ಕೊಂದು ಅಂಟಿಸಿದರು. ಬಲಗಡೆದು ಮೊದಲು ಬಿದ್ದರೆ ಅಪ್ಪಣೆ ಆದಂತೆ. ಎಡಗಡೆದು ಬಿದ್ದರೆ ಬೇಡ ಅಂತ. ಎಲ್ಲರೂ ಸುಮ್ಮನಾದೆವು. ಅಮ್ಮ ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೂವಿನ ತುದಿಯಲ್ಲಿ ಒಂದು ಹನಿ ನೀರು ನಿಂತಿತ್ತು. ಆ ಹನಿ ತೊಟ್ಟಿಕ್ಕಿತು. ಹೂವು ಸ್ವಲ್ಪ ಜಾರಿತು, ನಿಂತಿತು, ಮತ್ತೆ ಜಾರಿತು. ಎಡಗಡೆಯ ಹೂವು.

"ಎಡಕ್ಕೆ ಬಂತಪ್ಪ. ಈ ವರ್ಷ ಬಿಟ್ಬಿಡು" ಅಂದರು ಅಮ್ಮ.

ನಾನು ಏನು ಮಾಡಿದೆ? "ಇನ್ನೊಂದು ಸಲ ಕೇಳೋಣ ಪೂಜಾರಪ್ಪ, ಗಾಳಿಗೆ ಬಿದ್ದಿರ್ಬೇಕು" ಅಂದೆ. ಕೇಳಿದೆವು. ಮತ್ತೆ ಎಡಕ್ಕೇ ಬಿತ್ತು. ನನಗೆ ಸಿಟ್ಟು ಬಂತು. ದೇವರ ಮುಂದೆ ಕೂತು ದೇವರ ಮೇಲೇ ಸಿಟ್ಟು. "ಮೂರು ಸಲ ಕೇಳೋ ಪದ್ಧತಿ ಇದೆ" ಅಂದೆ. ಅಂಥ ಪದ್ಧತಿ ನಮ್ಮೂರಲ್ಲಿ ಇರಲಿಲ್ಲ.

ಪೂಜಾರಪ್ಪ ನನ್ನ ಮುಖ ನೋಡಿದರು. ಮೂರನೇ ಸಲ ಹೂವು ಅಂಟಿಸುವಾಗ ಎಡಗಡೆದನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಬಲಗಡೆದನ್ನು ಸುಮ್ನೆ ತಾಗಿಸಿದರು, ಅಷ್ಟೇ. ನಾನದನ್ನು ನೋಡಿದೆ. ನಾನು ನೋಡಿದೆ ಅಂತ ಅವರಿಗೂ ಗೊತ್ತಾಯಿತು. ಇಬ್ಬರೂ ಮಾತಾಡಲಿಲ್ಲ. ಹೂವು ಬಲಕ್ಕೆ ಬಿತ್ತು. ತಟ್ಟೆಗೆ ನೂರು ರೂಪಾಯಿ ಹಾಕಿ ಎದ್ದು ಬಂದೆ.

ಆ ಮುದುಕರನ್ನು ನಾನು ದೂರುವುದಿಲ್ಲ. ನನ್ನ ಮುಖದಲ್ಲಿ ಏನು ಬರೆದಿತ್ತೋ ಅದನ್ನು ಓದಿದರು, ಅಷ್ಟೇ ಅವರು ಮಾಡಿದ್ದು.

ಬೋರ್ ಗಾಡಿ ರಾತ್ರಿ ಬಂತು. ಒಂದೊಂದು ರಾಡ್ ಇಳಿದಾಗಲೂ ನಮ್ಮ ತಮ್ಮ ಪಂಪ್‌ಹೌಸ್ ಗೋಡೆ ಮೇಲೆ ಇದ್ದಿಲಲ್ಲಿ ಒಂದು ಗೀಟು ಎಳೆಯುತ್ತಿದ್ದ. ನಾನೂರು ಅಡಿ ಹತ್ತಿರ ಮಣ್ಣು ಸ್ವಲ್ಪ ಒದ್ದೆ ಆಯಿತು. ಎಲ್ಲರೂ ಎದ್ದು ನಿಂತೆವು. ಆಮೇಲೆ ಮತ್ತೆ ಧೂಳು. ಬಿಳೀ ಹಿಟ್ಟಿನಂಥ ಧೂಳು, ಬೆಳಗಾಗುವಷ್ಟರಲ್ಲಿ ಹಿಪ್ಪುನೇರಳೆ ಎಲೆ ಮೇಲೆಲ್ಲ ಕೂತಿತ್ತು. 780 ಅಡಿಗೆ ನಿಲ್ಲಿಸಿದೆವು. ಆ ಸಾಲ ತೀರಿಸೋಕೆ ಆರು ವರ್ಷ ಹಿಡಿಯಿತು.

ಅಮ್ಮ ಬೈಯಲಿಲ್ಲ. ವಾರ ಕಳೆದ ಮೇಲೆ, ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುತ್ತಾ ಒಂದೇ ಮಾತು ಅಂದರು. "ಎರಡು ಸಲ ನೀನು ಅವಳನ್ನ ಕೇಳ್ದೆ. ಮೂರನೇ ಸಲ ನೀನೇ ಹೇಳ್ದೆ ಕಣಪ್ಪಾ."

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಎಡಕ್ಕೆ ಬಿದ್ದ ಹೂವಿಗೆ ನೆಲದ ಕೆಳಗೆ ನೀರಿಲ್ಲ ಅಂತ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ನಮ್ಮದು ಗಟ್ಟಿ ಬಂಡೆ ನೆಲ. ನೀರು ಬಂಡೆಯ ಬಿರುಕಿನಲ್ಲಿ ಮಾತ್ರ ಇರುತ್ತೆ. ಬಿರುಕು ಸಿಕ್ಕರೆ ನೀರು, ನಾಲ್ಕು ಮಾರು ಆಚೆ ಹೋದರೆ ಧೂಳು. ಇದನ್ನು ಭೂವಿಜ್ಞಾನ ಓದಿದವರನ್ನು ಕರೆಸಿ ಕೇಳಬೇಕಿತ್ತು. ಎಷ್ಟು ಸಾಲ ತಡೆದುಕೊಳ್ಳುತ್ತೇನೆ ಅನ್ನೋದನ್ನು ನನ್ನ ಲೆಕ್ಕದ ಪುಸ್ತಕವನ್ನೇ ಕೇಳಬೇಕಿತ್ತು. ಅವೆರಡನ್ನೂ ಮಾಡದೆ ಗಂಗಮ್ಮನ ತಲೆ ಮೇಲೆ ಹೊರೆ ಹೊರಿಸಿದೆ.

ಹಾಗಾದರೆ ಆ ಹೂವು ನನಗೆ ಏನೂ ಹೇಳಲಿಲ್ವಾ? ಹೇಳಿತು. ಎಡಕ್ಕೆ ಬಿದ್ದಾಗ ನನಗೆ ಸಿಟ್ಟು ಬಂತಲ್ಲ, ಅದೇ ಅದು ಹೇಳಿದ ಮಾತು. ನಿಜವಾಗಿ ಕೇಳೋಕೆ ಬಂದವನಿಗೆ ಬೇಡ ಅನ್ನೋ ಉತ್ತರ ಬಂದರೆ ದುಃಖ ಆಗಬಹುದು, ಸಿಟ್ಟು ಬರೋದಿಲ್ಲ. ನಾನು ಕೇಳೋಕೆ ಹೋಗಿರಲೇ ಇಲ್ಲ. ಬರೆದಿಟ್ಟ ಪತ್ರಕ್ಕೆ ದೇವರ ಸಹಿ ಹಾಕಿಸೋಕೆ ಹೋಗಿದ್ದೆ.

ನಮ್ಮಲ್ಲಿ ಎಷ್ಟು ಜನ ಹೀಗೇ ಮಾಡುತ್ತೇವೆ ಯೋಚಿಸಿ. ಸೈಟ್ ರಿಜಿಸ್ಟ್ರೇಷನ್ ಮಾಡಿಸಿಕೊಂಡು ಬಂದು ಅರ್ಚನೆ ಮಾಡಿಸುತ್ತೇವೆ. ಮುಳಬಾಗಿಲು ಹತ್ತಿರ ಕುರುಡುಮಲೆ ಗಣಪನ ಮುಂದೆ ಒಂದು ದಿನ ನಿಂತು ನೋಡಿ. ಹದಿಮೂರು ಅಡಿಗೂ ಎತ್ತರದ ಒಂದೇ ಕಲ್ಲಿನ ಗಣಪತಿ, ಕತ್ತೆತ್ತಿ ನೋಡಬೇಕು. ಹೊಸ ಅಂಗಡಿಯವರು ಬರುತ್ತಾರೆ, ಹೊಸ ಲಾರಿ ತಗೊಂಡವರು ಕೀ ತಂದು ತಟ್ಟೆಯಲ್ಲಿ ಇಡುತ್ತಾರೆ, ಚುನಾವಣೆಗೆ ನಿಂತವರು ಪ್ರಚಾರ ಶುರು ಮಾಡೋಕೆ ಮುಂಚೆ ಬರುತ್ತಾರೆ. ಅದು ತಪ್ಪಲ್ಲ. ಅದು ಆಶೀರ್ವಾದ ಬೇಡೋದು. ನಾನೂ ಹೋಗಿದ್ದೇನೆ, ಇನ್ನೂ ಹೋಗುತ್ತೇನೆ. ಆದರೆ ದಾರಿ ಕೇಳೋದು ಬೇರೆ. ದಾರಿ ಕೇಳುವವನು ಕೂಡುರಸ್ತೆಯಲ್ಲಿ ನಿಂತಿರಬೇಕು. ಊರು ಮುಟ್ಟಿದ ಮೇಲೆ ದಾರಿ ಕೇಳಿದರೆ ಹೇಳುವವರಾದರೂ ಏನು ಹೇಳಬೇಕು?

ಭಗವದ್ಗೀತೆ ನಮ್ಮ ಮನೆಗಳಲ್ಲಿ ಎಲ್ಲ ಕಡೆ ಇದೆ. ಕೇಳೋದು ಹೇಗೆ ಅನ್ನೋದು ಅದರ ಶುರುವಿನಲ್ಲೇ ಇದೆ. ಅರ್ಜುನ ಮೊದಲು ತನ್ನ ವಾದ ಎಲ್ಲ ಹೇಳುತ್ತಾನೆ. ಕುಲ ಹಾಳಾಗುತ್ತೆ, ಪಾಪ ಬರುತ್ತೆ, ಇವರನ್ನು ಕೊಲ್ಲೋಕೆ ನನಗೆ ಇಷ್ಟ ಇಲ್ಲ ಅಂತ. ಅಲ್ಲಿಯವರೆಗೆ ಕೃಷ್ಣ ಉಪದೇಶಕ್ಕೆ ಇಳಿಯೋದಿಲ್ಲ. ಎರಡನೇ ಅಧ್ಯಾಯದ 7ನೇ ಶ್ಲೋಕದಲ್ಲಿ ಅರ್ಜುನ, ನನಗೆ ಧರ್ಮ ಯಾವುದು ಅಂತ ತಿಳೀತಿಲ್ಲ, ನಾನು ನಿನ್ನ ಶಿಷ್ಯ, ನೀನೇ ಹೇಳು ಅಂತ ಕೈಚೆಲ್ಲುತ್ತಾನೆ. ಪಾಠ ಶುರುವಾಗೋದು ಅದಾದ ಮೇಲೆ. ಕೊನೆಗೆ ಏನಾಗುತ್ತೆ ನೋಡಿ. 18ನೇ ಅಧ್ಯಾಯದ 63ನೇ ಶ್ಲೋಕ. ಹೇಳಬೇಕಾದ್ದನ್ನು ಹೇಳಿ, ಇದನ್ನೆಲ್ಲ ಪೂರ್ತಿ ವಿಚಾರ ಮಾಡಿ ನಿನಗೆ ಹೇಗೆ ಅನಿಸುತ್ತೋ ಹಾಗೆ ಮಾಡು ಅಂತಾನೆ. ಸಾಕ್ಷಾತ್ ಭಗವಂತ ರಥದ ಮೇಲೆ ಪಕ್ಕದಲ್ಲೇ ಕೂತಿದ್ದಾನೆ. ತೀರ್ಮಾನವನ್ನು ಮಾತ್ರ ಅರ್ಜುನನ ಕೈಗೇ ಕೊಡುತ್ತಾನೆ. ಈ ಶ್ಲೋಕ ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಬೋರ್ ಫೇಲಾದ ಮೇಲೆ ಓದಿದಾಗಲೇ ನನಗೆ ಅದು ತಾಗಿದ್ದು.

ಶಿಡ್ಲಘಟ್ಟದಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ರೀಲಿಂಗ್ ಮಾಡುತ್ತಾನೆ, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯೋ ಕೆಲಸ. ನಾನು ಗೂಡು ತಗೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದಾಗ ಪರಿಚಯ ಆದವನು. ನನ್ನ ಕಥೆ ಕೇಳಿ ಅವನು ಅಂದ, "ಮೇಷ್ಟ್ರೇ, ನಮ್ಮಲ್ಲೂ ಕೇಳೋದು ಇದೆ, ಅದಕ್ಕೆ ಇಸ್ತಿಖಾರಾ ಅಂತಾರೆ." ಏನಾದರೂ ದೊಡ್ಡ ಕೆಲಸ ಹಿಡಿಯೋ ಮುಂಚೆ ಎರಡು ರಕಾತ್ ನಮಾಜ್ ಮಾಡಿ, ಆಮೇಲೆ ಒಂದು ದುವಾ ಹೇಳುತ್ತಾರೆ. ಆ ದುವಾದ ಅರ್ಥ ಅವನು ಕನ್ನಡದಲ್ಲಿ ಹೇಳಿದ. ದೇವರೇ, ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನಿನಗೆ ಶಕ್ತಿ ಇದೆ, ನನಗಿಲ್ಲ. ಈ ಕೆಲಸ ನನ್ನ ಧರ್ಮಕ್ಕೆ, ಬದುಕಿಗೆ, ಕೊನೆಗೆ ಒಳ್ಳೇದಾದರೆ ನನಗೆ ಕೊಡು, ಸುಲಭ ಮಾಡು. ಕೆಟ್ಟದಾದರೆ ಅದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಅದರಿಂದ ದೂರ ಮಾಡು. ಒಳ್ಳೇದು ಎಲ್ಲಿದ್ದರೂ ಅದನ್ನೇ ಕೊಡು, ಅದರಲ್ಲಿ ನನಗೆ ತೃಪ್ತಿನೂ ಕೊಡು.

ನನ್ನನ್ನೂ ಅದರಿಂದ ದೂರ ಮಾಡು. ಈ ಸಾಲು ಕೇಳಿ ನಾನು ಮಾರ್ಕೆಟ್ಟಿನ ಗದ್ದಲದಲ್ಲೇ ಸುಮ್ಮನಾಗಿಬಿಟ್ಟೆ. ಸಿಗದ ವಸ್ತು ದೂರ ಹೋದರೆ ಸಾಲದು, ಅದರ ಮೇಲಿನ ಆಸೆನೂ ಹೋಗಬೇಕು. ಇಲ್ಲದಿದ್ದರೆ ಜೀವನ ಪೂರ್ತಿ ಅದೇ ಕೊರಗು.

ಅವನು ಆಗ ದೊಡ್ಡ ಆಟೋಮ್ಯಾಟಿಕ್ ಮೆಷಿನ್ ಹಾಕೋ ಯೋಚನೆಯಲ್ಲಿದ್ದ. ಭಾರೀ ಸಾಲದ ಮಾತು. ಮೊದಲು ಅಣ್ಣಂದಿರನ್ನು ಕೇಳಿದ, ಮೆಷಿನ್ ಹಾಕಿದವರ ಹತ್ತಿರ ಹೋಗಿ ಲೆಕ್ಕ ಕೇಳಿದ. ಗೊತ್ತಿರುವವರನ್ನು ಕೇಳೋದೂ ನಮಾಜಿನಷ್ಟೇ ಮುಖ್ಯ ಅಂತಾನೆ ಅವನು. ಆಮೇಲೆ ಇಸ್ತಿಖಾರಾ ಮಾಡಿದ. "ಕನಸು ಏನಾದ್ರೂ ಬಿತ್ತಾ?" ಅಂತ ನಾನು ಕೇಳಿದೆ.

"ಎಲ್ರೂ ಇದನ್ನೇ ಕೇಳ್ತಾರೆ. ಕನಸು ಬೀಳ್ಬೇಕು ಅಂತ ಎಲ್ಲೂ ಹೇಳಿಲ್ಲ ಮೇಷ್ಟ್ರೇ. ಕೇಳಿದ್ದೀನಿ. ಈಗ ಹೆಜ್ಜೆ ಇಡ್ತೀನಿ. ನಂಗೆ ಒಳ್ಳೇದಲ್ಲ ಅಂದ್ರೆ ಬಾಗಿಲು ತಾನಾಗೇ ಮುಚ್ಕೊಳ್ಳುತ್ತೆ."

ಸಾಲ ಮಂಜೂರಾಗಲಿಲ್ಲ. ಅವನು ಹಳೇ ಬೇಸಿನ್‌ಗಳಲ್ಲೇ ರೀಲಿಂಗ್ ಮುಂದುವರಿಸಿದ. ಅದಾದ ಮೇಲೆ ನಾನು ಅವನನ್ನು ನೋಡೋಕೆ ಹೋದಾಗ, ಕುದಿಯೋ ನೀರಿನಿಂದ ಗೂಡಿನ ಎಳೆ ಹುಡುಕಿ ತೆಗೆಯುತ್ತಿದ್ದ. ಮುಖದಲ್ಲಿ ಸೋತ ಕಳೆ ಇರಲಿಲ್ಲ. ಟೀ ತರಿಸಿದ. ಮೆಷಿನ್ ಮಾತು ತೆಗೆದಿದ್ದು ನಾನೇ, ಅವನಲ್ಲ.

ಕ್ರೈಸ್ತ ಬಂಧುಗಳೂ ಇಲ್ಲಿ ಇದ್ದೀರಿ. ಸಾಯೋ ಹಿಂದಿನ ರಾತ್ರಿ ಯೇಸು, ಈ ಕಷ್ಟ ತಪ್ಪಿಸು ಅಂತ ಬೇಡಿದ್ದೂ ಉಂಟು, ಆದರೂ ನಿನ್ನ ಚಿತ್ತದಂತೆಯೇ ಆಗಲಿ ಅಂದಿದ್ದೂ ಉಂಟು. ಬೇಡೋದು ತಪ್ಪಲ್ಲ. ಬೇಡಿ, ಆಮೇಲೆ ಬಿಟ್ಟುಕೊಡೋದು. ಎಲ್ಲ ಕಡೆಯೂ ತಿರುಗಿ ಅದೇ ಮಾತು ಬರುತ್ತೆ.

ನಮ್ಮ ಜಿಲ್ಲೆಯವರಿಗೆ ಗಾಂಧೀಜಿ ಬೇರೆಯವರಲ್ಲ. 1927ರಲ್ಲಿ ಆರೋಗ್ಯ ಕೆಟ್ಟಾಗ ನಂದಿ ಬೆಟ್ಟದ ಮೇಲೆ ಬಂದು ಇದ್ದರು, 1936ರಲ್ಲೂ ಬಂದು ಇದ್ದರು. ಅವರು ಒಳದನಿ ಅಂತ ಆಗಾಗ ಹೇಳುತ್ತಿದ್ದರು. 1933ರಲ್ಲಿ ಯರವಡಾ ಜೈಲಿನಲ್ಲಿದ್ದಾಗ, ಹರಿಜನರ ಕೆಲಸಕ್ಕಾಗಿ 21 ದಿನ ಉಪವಾಸ ಮಾಡು ಅಂತ ರಾತ್ರಿ ಒಂದು ದನಿ ಕೇಳಿತು ಅಂದರು. ಮೇ 8ಕ್ಕೆ ಉಪವಾಸ ಶುರು ಮಾಡಿದರು. ಅದು ಭ್ರಮೆ ಇರಬಹುದು ಅಂದವರಿಗೆ, ನಿಮ್ಮನ್ನು ಒಪ್ಪಿಸೋಕೆ ನನ್ನ ಹತ್ತಿರ ಬೇರೆ ಸಾಕ್ಷಿ ಇಲ್ಲ ಅಂದರು. ಒಳದನಿ ಕೇಳಿತು ಅಂತ ಯಾರು ಬೇಕಾದರೂ ಹೇಳಿಕೊಳ್ಳೋಕೆ ಆಗಲ್ಲ, ಅದಕ್ಕೆ ಮುಂಚೆ ಬಹಳ ಕಾಲದ ಶಿಸ್ತು ಬೇಕು ಅಂತಲೂ ಹೇಳಿದರು. ಈ ಎಚ್ಚರ ನನಗೆ ಇಷ್ಟ. "ದೇವರು ನನಗೆ ಹೇಳ್ದ" ಅಂತ ಬಾಯಿಬಿಟ್ಟು ಹೇಳೋ ಮುಂಚೆ ಎದೆ ಒಂದು ಸಲ ನಡುಗಬೇಕು.

ಇನ್ನು ಕೈವಾರ. ಇಲ್ಲಿಂದ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆ. ಅಲ್ಲಿನ ಸಂತ ಯೋಗಿ ನಾರೇಯಣ ತಾತಯ್ಯನವರು ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಪರದೇಶಿ ಸ್ವಾಮಿಗಳು ಅವರ ಬಾಯಿಗೆ ಒಂದು ಬೆಣಚುಕಲ್ಲು ಕೊಟ್ಟು, ನಾರಾಯಣ ಮಂತ್ರ ಜಪ ಮಾಡು, ಈ ಕಲ್ಲು ಕಲ್ಲುಸಕ್ಕರೆ ಆದ ದಿನ ನಿನಗೆ ಸಿದ್ಧಿ ಅಂದರಂತೆ. ಮೂರು ವರ್ಷ ಗುಹೆಯಲ್ಲಿ ಕೂತರು ಅಂತ ಅಲ್ಲಿಯವರು ಹೇಳುತ್ತಾರೆ. ಚಿಕ್ಕವನಿದ್ದಾಗ ಕಲ್ಲು ಸಕ್ಕರೆ ಆಗಿದ್ದೇ ನನಗೆ ದೊಡ್ಡ ವಿಷಯ ಅನಿಸುತ್ತಿತ್ತು. ಈಗ ನನಗೆ ದೊಡ್ಡದು ಅನಿಸೋದು ಆ ಮೂರು ವರ್ಷ. ನಾಲಿಗೆ ಮೇಲೆ ಕಲ್ಲು ಇಟ್ಟುಕೊಂಡು ಇವತ್ತೂ ಕಲ್ಲೇ, ನಾಳೆನೂ ಕಲ್ಲೇ ಅಂತ ಗೊತ್ತಿದ್ದೂ ಕೂರೋದು. ನಮಗೆ ಐದು ನಿಮಿಷದಲ್ಲಿ ಹೂವು ಬೀಳಬೇಕು.

ಈಗ ನನ್ನ ಎರಡನೇ ಅನುಭವ.

2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾಯಿತು. ಅದಕ್ಕೆ ಮುಂಚಿನಿಂದಲೇ ನಮ್ಮ ಕಡೆ ಜಮೀನಿನ ರೇಟು ಏರುತ್ತಿತ್ತು. ಬ್ರೋಕರ್‌ಗಳು ಬೈಕಿನಲ್ಲಿ ಬಂದು ಬದುವಿನ ಮೇಲೆ ನಿಂತು ಫೋನ್ ಮಾಡುತ್ತಿದ್ದರು. ನಮ್ಮ ಮೂರು ಎಕರೆಗೂ ಒಬ್ಬರು ಬಂದರು. ತಮ್ಮ ಕೊಟ್ಟುಬಿಡೋಣ ಅಂದ. ನಾನು ಕೊಡೋದಿಲ್ಲ ಅಂದೆ. ಅಪ್ಪ ಮಾಡಿದ ಜಮೀನು, ಸಹಿ ನನ್ನದೂ ಬೇಕು. ಎರಡು ತಿಂಗಳು ಒಂದೇ ಮನೆಯಲ್ಲಿ ಇದ್ದು ನಾವು ಸರಿಯಾಗಿ ಮಾತಾಡಲಿಲ್ಲ.

ಈ ಸಲ ನಾನು ಹೂವು ಕೇಳಲಿಲ್ಲ. ಬ್ರೋಕರ್‌ಗೆ ಕೈ ಮುಗಿದು, ಎರಡು ತಿಂಗಳು ಟೈಮ್ ಕೊಡಿ, ಅಲ್ಲಿಯವರೆಗೆ ಅಡ್ವಾನ್ಸ್ ಮುಟ್ಟೋದಿಲ್ಲ ಅಂದೆ. ಎಂಟು ಭಾನುವಾರ ಕೈವಾರಕ್ಕೆ ಹೋಗಿ ಬೆಳಗ್ಗೆ ಸುಮ್ಮನೆ ಕೂತೆ. ಮನೆಯಲ್ಲಿ ದಿನಾ ದೀಪ ಹಚ್ಚುವಾಗ ಒಂದೇ ಮಾತು. ನನಗೆ ಕೊಡಬಾರದು ಅಂತ ಆಸೆ ಇದೆ ತಂದೆ, ಆ ಆಸೆಯನ್ನು ನಿನ್ನ ಮುಂದೆ ಇಟ್ಟಿದ್ದೀನಿ, ನೀನೇ ನೋಡು.

ಮೊದಲ ಮೂರು ವಾರ ಏನೂ ಇಲ್ಲ. ಕೂತಾಗಲೆಲ್ಲ ತಲೆಯಲ್ಲಿ ವಾದವೇ ನಡೆಯುತ್ತಿತ್ತು. ಜಮೀನು ಬಿಟ್ಟರೆ ಮರ್ಯಾದೆ ಏನು, ಅಪ್ಪನ ಹೆಸರೇನು ಅಂತ. ಆಮೇಲೆ ವಾದ ತಾನಾಗೇ ಸಪ್ಪೆ ಆಯಿತು. ಐದನೇ ವಾರವೋ ಆರನೇ ವಾರವೋ, ಹಿತ್ತಲಲ್ಲಿ ಹುಣಸೆಹಣ್ಣು ಹಾಕಿ ಹಿತ್ತಾಳೆ ದೀಪ ತಿಕ್ಕುತ್ತಿದ್ದೆ. ಕೈ ಹಾಗೇ ನಿಂತಿತು. ತಮ್ಮ ಕೊಡೋಣ ಅಂದಿದ್ದು ನನಗೆ ಕೇಳಿತ್ತು. ಯಾಕೆ ಕೊಡಬೇಕು ಅಂತ ನಾನು ಅವನನ್ನು ಒಂದು ಸಲವೂ ಕೇಳಿರಲಿಲ್ಲ.

ದನಿ ಅಂತ ಏನೂ ಬರಲಿಲ್ಲ. ಇಷ್ಟೇ ಬಂದಿದ್ದು. ಆದರೆ ಅದು ನನ್ನಿಂದ ಬಂದಿದ್ದಲ್ಲ ಅಂತ ನನಗೆ ಗೊತ್ತು. ಯಾಕೆಂದರೆ ನನ್ನ ಬುದ್ಧಿ ಎರಡು ತಿಂಗಳಿಂದ ಆ ಪ್ರಶ್ನೆಯ ಪಕ್ಕದಲ್ಲೇ ಓಡಾಡಿಕೊಂಡು ಅದನ್ನು ನೋಡದೆ ಇತ್ತು.

ತೋಟಕ್ಕೆ ಹೋದೆ. ತಮ್ಮ ಬದುವಿನ ಮೇಲೆ ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ. "ನಿಂಗೆ ದುಡ್ಡು ಯಾತಕ್ಕೆ ಬೇಕು ಹೇಳು" ಅಂದೆ. ಅವನು ಒಂದು ಎಲೆ ಕಿತ್ತು ಅದರ ನರದ ಗುಂಟ ಸೀಳೋಕೆ ಶುರು ಮಾಡಿದ. ಒಂದು ಎಲೆ ಆಯಿತು, ಎರಡು ಆಯಿತು. ಮೂರನೇ ಎಲೆಗೆ ಹೇಳಿದ. ಸಾಲ ಮಾಡಿಕೊಂಡಿದ್ದ. ಆ ಬತ್ತಿದ ಬೋರಿನ ಸಾಲದಲ್ಲಿ ನನ್ನ ಕೈ ಕಟ್ಟಿದ್ದಾಗ, ಮನೆ ಖರ್ಚು ನಡೆಸೋಕೆ ಅಂತ ಹೊರಗೆ ಬಡ್ಡಿಗೆ ತಂದಿದ್ದ. ಅದು ಬೆಳೆದು ಕೂತಿತ್ತು. "ನಿಂಗೆ ಹೇಳಿದ್ರೆ ನೊಂದ್ಕೊಳ್ತೀಯ ಅಂತ ಹೇಳ್ಲಿಲ್ಲ ಅಣ್ಣಯ್ಯ" ಅಂದ.

ಒಂದು ಎಕರೆ ಕೊಟ್ಟೆವು. ಎರಡು ಉಳಿಸಿಕೊಂಡೆವು. ಮೂರೂ ಇಟ್ಟುಕೊಂಡಿದ್ದರೆ ಆ ಒಂದು ಎಕರೆಗೇ ಆಮೇಲೆ ಎಷ್ಟೋ ಪಟ್ಟು ಬರುತ್ತಿತ್ತು. ಲೆಕ್ಕದ ಪ್ರಕಾರ ನಮಗೆ ನಷ್ಟ. ಬೋರ್ ಹಾಕಿಸಿದಾಗಲೂ ನಷ್ಟ ಆಯಿತು, ಇಲ್ಲೂ ನಷ್ಟ ಆಯಿತು. ಆದರೆ ಬೋರಿನ ನಷ್ಟ ನೆನೆಸಿಕೊಂಡರೆ ನನಗೆ ಇವತ್ತಿಗೂ ಆ ಪೂಜಾರಪ್ಪನ ಬೆರಳು ಕಣ್ಣ ಮುಂದೆ ಬರುತ್ತೆ. ಈ ನಷ್ಟ ನೆನೆಸಿಕೊಂಡರೆ ನಿದ್ದೆ ಬರುತ್ತೆ.

ದೇವರನ್ನು ಕೇಳಿದರೆ ಲಾಭದ ದಾರಿ ತೋರಿಸುತ್ತಾನೆ ಅಂತ ಹೇಳುವವರು ಇದ್ದಾರೆ. ನನಗೆ ಹಾಗೆ ಆಗಿಲ್ಲ. ಮುಂದೆ ಏನಾಗುತ್ತೆ ಅಂತ ಅವನು ನನಗೆ ಯಾವತ್ತೂ ಹೇಳಿಲ್ಲ. ಪಕ್ಕದಲ್ಲಿ ಇದ್ದವರನ್ನು ನಾನು ನೋಡದೆ ಇದ್ದಾಗ ಕತ್ತು ಹಿಡಿದು ಆ ಕಡೆ ತಿರುಗಿಸಿದ್ದಾನೆ.

ಕೇಳಲೇಬಾರದ ಪ್ರಶ್ನೆಗಳೂ ಕೆಲವು ಇವೆ. ಹಾವು ಕಚ್ಚಿದರೆ ಆಸ್ಪತ್ರೆಗೆ ಹೋಗಬೇಕಾ ಅಂತ ದೇವರನ್ನು ಕೇಳಬೇಡಿ. ಹೋಗಿ. ಎದೆನೋವು ಬಂದರೆ ರಾಹುಕಾಲ ನೋಡಬೇಡಿ. ಇಷ್ಟು ಸಾಕು ಇದರ ಬಗ್ಗೆ.

ಇನ್ನೊಂದು ಇದೆ. ಇದನ್ನು ನಾನು ಜೋರಾಗಿ ಹೇಳುತ್ತೇನೆ. ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರ ಒಬ್ಬಳು ಹುಡುಗಿ ಓದುತ್ತಿದ್ದಳು. ಗಣಿತದಲ್ಲಿ ಚುರುಕು. ಬೋರ್ಡ್ ಮೇಲೆ ಲೆಕ್ಕ ಬರೆದು ನಾನು ತಿರುಗುವಷ್ಟರಲ್ಲಿ ಉತ್ತರ ಬರೆದಿಟ್ಟು ಪೆನ್ನು ಮುಚ್ಚಿರುತ್ತಿದ್ದಳು. ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಅವರಪ್ಪ ಟಿ.ಸಿ. ತಗೊಂಡು ಹೋಗೋಕೆ ಬಂದರು. ಯಾವ ಕಾಲೇಜು ಅಂದೆ. ಮದುವೆ ಗೊತ್ತಾಗಿದೆ ಅಂದರು. ಹದಿನೆಂಟು ಆಗಿಲ್ಲವಲ್ಲ, ಕಾನೂನಿಗೆ ವಿರುದ್ಧ ಅಲ್ವಾ ಅಂದೆ. "ಬಲಗಡೆ ಆಗಿದೆ ಸಾರ್, ದೇವ್ರೇ ಹೇಳಿದ್ಮೇಲೆ ಇನ್ನೇನು" ಅಂದರು. ಆಯಪ್ಪ ಕೆಟ್ಟವರಲ್ಲ. ಮಗಳ ಮೇಲೆ ಪ್ರಾಣ ಇಟ್ಟವರು. ನಾನು ಬಹಳ ಹೊತ್ತು ಮಾತಾಡಿದೆ. ಗೆಲ್ಲಲಿಲ್ಲ. ಆ ದಿನ ಆ ಹುಡುಗಿ ಆಫೀಸ್ ರೂಮಿನ ಬಾಗಿಲಾಚೆ ನಿಂತಿದ್ದಳು. ಅವಳನ್ನು ಅವರಪ್ಪನೂ ಕೇಳಿರಲಿಲ್ಲ, ನಾನೂ ಅವತ್ತು ಒಳಗೆ ಕರೆದು ಕೇಳಲಿಲ್ಲ. ಆ ಎರಡನೇದು ನನ್ನ ತಪ್ಪು.

ಮನೆಯಲ್ಲಿ ಮಗಳು ಇದ್ದಾಳೆ. ಅವಳಿಗೆ ಬಾಯಿ ಕೊಟ್ಟವನು ಯಾರು? ಅವಳ ಮದುವೆ ವಿಷಯಕ್ಕೆ ಕಲ್ಲಿನ ಮೇಲೆ ಹೂವು ಅಂಟಿಸಿ ಕೂರುವ ಮುಂಚೆ, ದೇವರೇ ಕೊಟ್ಟ ಆ ಬಾಯನ್ನು ಕೇಳಿ. ಅವಳು ಬೇಡ ಅಂದರೆ ಅದೇ ಎಡಗಡೆ ಹೂವು ಅಂದುಕೊಳ್ಳಿ.

ಹೇಳಬೇಕು ಅಂತ ಬಂದಿದ್ದು ಇಷ್ಟು. ನೀವೇನಾದರೂ ಕೇಳೋದಿದ್ದರೆ ಕೇಳಿ.

(ಒಬ್ಬ ಹುಡುಗ ಎದ್ದು ನಿಂತ. ಬೆಂಗಳೂರಿನಲ್ಲಿ ಕೆಲಸ ಮಾಡುವವನಂತೆ. "ಸಾರ್, ಎಷ್ಟು ಕೇಳಿದ್ರೂ ಏನೂ ಗೊತ್ತಾಗ್ಲಿಲ್ಲ ಅಂದ್ರೆ? ಆಫರ್ ಲೆಟರ್‌ಗೆ ಮೂರು ದಿನ ಟೈಮ್ ಕೊಟ್ಟಿರ್ತಾರೆ" ಅಂದ.)

ಮೂರು ದಿನ ಇದ್ದರೆ ಮೂರು ದಿನ ಕೇಳಪ್ಪ. ಆ ಕೆಲಸದಲ್ಲಿ ಇರುವವರು ಒಬ್ಬರಿಗೆ ಫೋನ್ ಮಾಡು. ಮನೆಯಲ್ಲಿ ಅಪ್ಪ ಅಮ್ಮನ ಹತ್ತಿರ ಕೂತು ಮಾತಾಡು. ಕೊನೆಗೆ ನಿನಗೆ ಸರಿ ಅನಿಸಿದ್ದನ್ನು ಮಾಡು. ದೇವರು ಏನೂ ಹೇಳದೆ ಸುಮ್ಮನಿದ್ದಾನೆ ಅಂದರೆ, ಇದನ್ನು ನೀನು ಮಾಡಬಲ್ಲೆ ಅಂತ ನಿನ್ನ ಮೇಲೆ ಬಿಟ್ಟಿರಬಹುದು. ಮಕ್ಕಳಿಗೆ ಲೆಕ್ಕ ಕೊಟ್ಟು ನಾವು ಕಿಟಕಿ ಹತ್ತಿರ ಹೋಗಿ ನಿಲ್ಲೋದಿಲ್ವಾ, ಹಾಗೆ. ಅಲ್ಲಿಂದ ಎದ್ದು ಹೋಗಿರೋದಿಲ್ಲ.

(ಮುಂದಿನ ಸಾಲಿನಲ್ಲಿ ಒಬ್ಬರು ವಯಸ್ಸಾದ ತಾಯಿ ಕೂತಿದ್ದರು. ಬಹಳ ಹೊತ್ತಿನಿಂದ ಏನೋ ಹೇಳಬೇಕು ಅಂತ ಇದ್ದರು. "ಮೇಷ್ಟ್ರೇ, ನಾಳೆ ಹೂ ಕೇಳೋಣ ಅಂತಿದ್ದೆ. ಮಗ ಹಸು ಎರಡನ್ನೂ ಮಾರಿ ಅಂಗಡಿ ಇಡ್ತೀನಿ ಅಂತಾನೆ. ಹಾಗಾದ್ರೆ ಕೇಳ್ಬಾರ್ದಾ ನಾನು?" ಅಂದರು.)

ಕೇಳಮ್ಮ. ಯಾಕೆ ಕೇಳಬಾರದು? ನಮ್ಮಮ್ಮನೂ ಕೇಳುತ್ತಿದ್ದರು. ಒಂದೇ ಸಲ ಕೇಳು.

"ಎಡಕ್ಕೆ ಬಂದ್ರೆ?"

ಎಡಕ್ಕೆ ಬಂದರೂ ಕೈಮುಗಿದು ಬಾ. ಮಗ ಏನಂತಾನಮ್ಮ, ಯಾಕಂತೆ ಹಸು ಬೇಡ?

(ಆಯಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಅದು ಕೇಳಿಲ್ಲಪ್ಪ ನಾನು" ಅಂದರು. ಪಕ್ಕದವರ ಹೆಗಲು ಹಿಡಿದು ಎದ್ದರು. ಹಿಂದೆ ಪ್ರಸಾದಕ್ಕೆ ಎಲೆ ಹಾಕುತ್ತಿದ್ದರು. ಅವರು ಆ ಕಡೆ ಹೋಗಲಿಲ್ಲ. ಮಗ ಹಾಲು ಹಾಕಿ ಬರೋ ಹೊತ್ತಾಯಿತು ಅಂತ ಹೇಳಿ ಮನೆ ಕಡೆ ನಡೆದರು.)